ಕೌಸ್‌ನಿಂದ ಯಾರ್ಮತ್‌ಗೆ ನಾಲ್ಕು ಜನ, ಒಂದು ಸಣ್ಣ ಯಾಟ್

ಇಂಗ್ಲೆಂಡಿನ ದಕ್ಷಿಣ ತೀರಕ್ಕೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವೆ ಇರುವ ಕಿರಿದಾದ ಸಮುದ್ರಕ್ಕೆ ಸೋಲೆಂಟ್ ಅಂತ ಹೆಸರು. ಅದರ ದ್ವೀಪದ ದಡದಲ್ಲೇ ಇರುವ ಬಂದರು ಊರುಗಳು ಕೌಸ್ ಮತ್ತು ಯಾರ್ಮತ್. ಯಾಟ್‌ನಲ್ಲಿ, ಅಂದರೆ ಹಾಯಿದೋಣಿಯಲ್ಲಿ, ಕೌಸ್‌ನಿಂದ ಯಾರ್ಮತ್‌ಗೆ ಸುಮಾರು 9 ನಾಟಿಕಲ್ ಮೈಲಿ, ಹತ್ತಿರ ಹತ್ತಿರ 17 ಕಿಲೋಮೀಟರ್. ಇಷ್ಟೇನಾ ಅನ್ನಿಸುತ್ತದೆ ಅಲ್ವಾ?

ಮೊದಲು ಉಬ್ಬರ ಇಳಿತದ ಪಟ್ಟಿ ತೆಗೆಯಿರಿ. ಇಲ್ಲಿ ಉಬ್ಬರದ ನೀರು ಪೂರ್ವಕ್ಕೆ ಓಡುತ್ತದೆ, ಇಳಿತದ್ದು ಪಶ್ಚಿಮಕ್ಕೆ. ಯಾರ್ಮತ್ ಇರುವುದು ಪಶ್ಚಿಮಕ್ಕೆ, ಹಾಗಾಗಿ ಇಳಿತದ ಜೊತೆ ಹೊರಡಬೇಕು. ನಿಮ್ಮ ದೋಣಿ 5 ನಾಟ್, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿ ಓಡುತ್ತದೆ, ನೀರು 3 ನಾಟ್ ಇದೆ ಅಂತಿಟ್ಟುಕೊಳ್ಳಿ. ನೀರಿನ ಜೊತೆ ಹೋದರೆ ಒಂದು ಗಂಟೆ ಚಿಲ್ಲರೆ, ಎದುರು ಹೋದರೆ ನಾಲ್ಕೂವರೆ ಗಂಟೆ, ಅದೂ ಗಾಳಿ ಸರಿಯಾಗಿದ್ದರೆ.

ಆದರೆ ಇಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ನೈಋತ್ಯದಿಂದ. ಅಂದರೆ ನೀರು ನಿಮ್ಮನ್ನು ಮುಂದಕ್ಕೆ ಎಳೆಯುವಾಗಲೇ ಗಾಳಿ ಆ ನೀರಿಗೆ ಎದುರಾಗಿ ಬೀಸಿ ಅಲೆಗಳನ್ನು ಗಿಡ್ಡಗೆ, ಕಡಿದಾಗಿ ಎಬ್ಬಿಸುತ್ತದೆ, ದೋಣಿ ಹಳ್ಳ ಬಿದ್ದ ರಸ್ತೆಯಲ್ಲಿ ಹೋದ ಹಾಗೆ ಕುಕ್ಕುತ್ತದೆ. ಹೊಟ್ಟೆ ತುಂಬ ತಿಂಡಿ ಬೇಡ. ಲೈಫ್ ಜಾಕೆಟ್ ಕಟ್ಟೆ ಬಿಡುವ ಮೊದಲೇ ಹಾಕಿಕೊಳ್ಳಿ.

ದೊಡ್ಡ ಹಡಗು ಕಂಡರೆ ದಾರಿ ಬಿಡಿ. ಸೌತಾಂಪ್ಟನ್‌ಗೆ ಹೋಗಿ ಬರುವ 150 ಮೀಟರ್‌ಗಿಂತ ಉದ್ದದ ಹಡಗುಗಳ ಮುಂದೆ 1000 ಮೀಟರ್, ಎರಡೂ ಪಕ್ಕ 100 ಮೀಟರ್ ಒಳಗೆ ಸಣ್ಣ ದೋಣಿ ಹೋಗುವಂತಿಲ್ಲ ಅಂತ ಕೌಸ್ ಎದುರಿನ ನೀರಿನಲ್ಲಿ ನಿಯಮವೇ ಇದೆ.

ಯಾರ್ಮತ್ ಹತ್ತಿರ ಬಂದಾಗ ಹೊರಗೇ ಹಾಯಿ ಇಳಿಸಿ, ಇಂಜಿನ್ ಹಾಕಿ, ವಿಎಚ್‌ಎಫ್ ರೇಡಿಯೋದ 68ನೇ ಚಾನೆಲ್‌ನಲ್ಲಿ ಬಂದರಿನವರನ್ನು ಕರೆಯಿರಿ. ಯಾವ ಪಕ್ಕ ಕಟ್ಟಬೇಕು ಅಂತ ಕೇಳಿದ ಮೇಲೆ ಫೆಂಡರ್ (ದೋಣಿ ಉಜ್ಜದಂತೆ ಪಕ್ಕಕ್ಕೆ ನೇತುಹಾಕುವ ದಿಂಬಿನಂಥದ್ದು) ಇಳಿಬಿಡಿ. ನಾವು ಮೊದಲ ಸಲ ಸುಮ್ನೆ ಜಾಣತನ ಮಾಡಿ ಎಲ್ಲವನ್ನೂ ಎಡಕ್ಕೆ ಕಟ್ಟಿಟ್ಟಿದ್ದೆವು. ರೇಡಿಯೋದಲ್ಲಿ ಬಲ ಅಂದರು. ಆ ಇಕ್ಕಟ್ಟಿನಲ್ಲಿ ಇಬ್ಬರು ದಿಂಬು ಹೊತ್ತವರ ಹಾಗೆ ಡೆಕ್ ಮೇಲೆ ಓಡಾಡಿದ್ದನ್ನು ಅಕ್ಕಪಕ್ಕದ ದೋಣಿಯವರೆಲ್ಲ ಚಹಾ ಕುಡಿಯುತ್ತಾ ನೋಡಿದರು.

ಯಾರು ಯಾವ ಹಗ್ಗ ಹಿಡಿಯಬೇಕು ಅನ್ನುವುದೂ ಹೊರಗೇ ತೀರ್ಮಾನವಾಗಲಿ. ನೀರಿನ ಎದುರಾಗಿ ನಿಧಾನಕ್ಕೆ ಬನ್ನಿ, ಆಗ ನೀರೇ ಬ್ರೇಕ್. ದೋಣಿಯ ನಡುಭಾಗದ ಹಗ್ಗ ಮೊದಲು, ಮುಂದಿನದು ಹಿಂದಿನದು ಆಮೇಲೆ. ಪಾಂಟೂನ್ (ದೋಣಿ ಕಟ್ಟುವ ತೇಲುಕಟ್ಟೆ) ಮೇಲೆ ಹಾರಬೇಡಿ, ಹೆಜ್ಜೆಯಿಟ್ಟು ಇಳಿಯುವಷ್ಟು ಹತ್ತಿರ ಬರಲಿ. ತಾಗುತ್ತದೆ ಅನ್ನಿಸಿದರೂ ಕಾಲು ಕೊಟ್ಟು ತಡೆಯಬೇಡಿ, ಟನ್‌ಗಟ್ಟಲೆ ತೂಕ ಅದು.

ಬಂದರಿನಲ್ಲಿ ದೋಣಿಗಳು ಜಾಸ್ತಿ ಇದ್ದರೆ ಇನ್ನೊಂದು ದೋಣಿಗೆ ಆತುಕೊಂಡು ಕಟ್ಟಬೇಕಾಗುತ್ತದೆ. ದಡಕ್ಕೆ ಹೋಗುವಾಗ ಅವರ ಮುಂಭಾಗದ ಡೆಕ್ ಮೇಲೆ ದಾಟಿ. ಕಾಕ್‌ಪಿಟ್ (ದೋಣಿಯವರು ಕೂತು ನಡೆಸುವ ಜಾಗ) ಮೂಲಕ ಹೋಗುವುದು ಯಾರದೋ ಅಡುಗೆಮನೆಯೊಳಗೆ ಹಾದು ಹೋದ ಹಾಗೆ. ನಿಮ್ಮ ಹೊರಪಕ್ಕಕ್ಕೆ ಇನ್ನೊಬ್ಬರು ಬಂದು ಕಟ್ಟಿದರೆ, ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಡುತ್ತೀರಿ ಅಂತ ರಾತ್ರಿಯೇ ಕೇಳಿಟ್ಟುಕೊಳ್ಳಿ. ಅವರು ಹನ್ನೊಂದಕ್ಕೆ ಏಳುವವರಾದರೆ ವಾಪಸ್ ಹೋಗುವ ನಿಮ್ಮ ಉಬ್ಬರ ತಪ್ಪಿತು ಅಂತಲೇ ಲೆಕ್ಕ.