ನೈರೋಬಿಯಲ್ಲೇ ನಿಂತುಬಿಡುತ್ತಿದ್ದ ಎಂ-ಪೆಸಾ ಮಾಡೆಲ್ ಸರಿಹೋದದ್ದು ಹೀಗೆ

ಕೀನ್ಯಾದಲ್ಲಿ 2007ರ ಮಾರ್ಚ್‌ನಲ್ಲಿ ಶುರುವಾದ ಎಂ-ಪೆಸಾ ಹೇಗೆ ಹರಡಿತು ಅನ್ನೋದನ್ನು ನೆಟ್‌ಲೋಗೋದಲ್ಲಿ, ಅಂದ್ರೆ ಒಬ್ಬೊಬ್ಬರಿಗೂ ನಿಯಮ ಕೊಟ್ಟು ಒಟ್ಟಾರೆ ಏನಾಗುತ್ತದೆ ಅಂತ ತೋರಿಸುವ ಸಾಫ್ಟ್‌ವೇರ್‌ನಲ್ಲಿ, ಮಾಡೆಲ್ ಮಾಡಿ ನೋಡುತ್ತಿದ್ದೆ. ಬ್ಯಾಂಕ್ ಖಾತೆ ಇಲ್ಲದೆ ಮೊಬೈಲ್‌ನಲ್ಲೇ ದುಡ್ಡು ಕಳಿಸುವ ಸೇವೆ ಎಂ-ಪೆಸಾ. ತೊಂದರೆ ಏನಂದ್ರೆ, ಮಾಡೆಲ್‌ನಲ್ಲಿ ಸೇವೆ ನೈರೋಬಿ ಬಿಟ್ಟು ಆಚೆ ಹೋಗುತ್ತಲೇ ಇರಲಿಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿಯುವ ದರ ಜಾಸ್ತಿ ಮಾಡಿದರೆ ಎಲ್ಲರೂ ಒಂದೇ ಸಲ ಬಳಸಿಬಿಡುತ್ತಿದ್ದರು. ಎರಡೂ ನಿಜಕ್ಕೆ ದೂರ.

ಮಾಡೆಲ್‌ನ ನಕ್ಷೆಯಲ್ಲಿ ಪಕ್ಕದ ಚೌಕದವರನ್ನು ನೋಡಿ ಕಲಿಯುವ ನಿಯಮ ತೆಗೆದೆ. ಬದಲಿಗೆ ಪಟ್ಟಣದಲ್ಲಿ ದುಡಿಯುವ ಪ್ರತಿಯೊಬ್ಬರನ್ನೂ ಊರಲ್ಲಿರುವ ಅವರ ಮನೆಗೆ ಲಿಂಕ್ ಹಾಕಿ ಜೋಡಿಸಿದೆ, ಯಾಕಂದ್ರೆ ಅಲ್ಲಿ ಜನ ಇದನ್ನು ಮೊದಮೊದಲು ಬಳಸಿದ್ದೇ ಮನೆಗೆ ದುಡ್ಡು ಕಳಿಸೋಕೆ, ಅಲ್ವಾ? ಸೇವೆ ಹಳ್ಳಿ ತಲುಪಿತು.

ಆದರೂ ವೇಗ ಜಾಸ್ತಿಯೇ ಇತ್ತು. ಅದಕ್ಕೆ ಜನ ದುಡ್ಡು ಕಟ್ಟುವ, ತೆಗೆಯುವ ಏಜೆಂಟ್ ಅಂಗಡಿಗಳಿಗೆ ನಗದಿನ ಮಿತಿ ಕೊಟ್ಟೆ. ನನ್ನ ಪ್ರಕಾರ ಇದೇ ಮುಖ್ಯ. ಹಳ್ಳಿ ಕಡೆ ದುಡ್ಡು ಕಟ್ಟುವವರಿಗಿಂತ ತೆಗೆಯುವವರೇ ಹೆಚ್ಚು, ಹಾಗಾಗಿ ಅಂಗಡಿಯಲ್ಲಿ ನೋಟು ಬೇಗ ಖಾಲಿಯಾಗುತ್ತದೆ, ಬಂದವರು ಬರಿಗೈಲಿ ವಾಪಸ್ ಹೋಗುತ್ತಾರೆ, ನಂಬಿಕೆ ಇಳಿಯುತ್ತದೆ. ಇಷ್ಟಾದ ಮೇಲೆ ಬಳಕೆದಾರರ ಸಂಖ್ಯೆ ಮೊದಲು ನಿಧಾನ, ಆಮೇಲೆ ಜೋರು, ಕೊನೆಗೆ ಮತ್ತೆ ನಿಧಾನ ಏರುವ ಎಸ್ ಆಕಾರದ ಗೆರೆ ಬಂತು.

ಮಾಡೆಲ್ ಅನ್ನು ಒಂದೇ ಸಲ ಓಡಿಸಿ ನಂಬಬೇಡಿ. ನೆಟ್‌ಲೋಗೋದಲ್ಲೇ ಇರುವ, ಮಾಡೆಲ್ ಅನ್ನು ಹಲವು ಸಲ ಓಡಿಸುವ ಬಿಹೇವಿಯರ್‌ಸ್ಪೇಸ್‌ನಲ್ಲಿ ಬೇರೆ ಬೇರೆ ರ‍್ಯಾಂಡಮ್ ಸೀಡ್ (ಮಾಡೆಲ್‌ನ ಆಕಸ್ಮಿಕ ಆಯ್ಕೆಗಳನ್ನು ಶುರುಮಾಡುವ ಸಂಖ್ಯೆ) ಕೊಟ್ಟು ಓಡಿಸಿದೆ, ಗೆರೆಯ ಆಕಾರ ಹಾಗೇ ಉಳಿಯಿತು.