1,148 ಕ್ಲಿಕ್, ಒಂದೂ ಆರ್ಡರ್ ಇಲ್ಲ

ಅಡುಗೆಮನೆ ಸಾಮಾನುಗಳ ಬಗ್ಗೆ ಕನ್ನಡದಲ್ಲಿ ಬರೆಯುವ ಸಣ್ಣ ಸೈಟ್ ನನ್ನದು. ಮಿಕ್ಸಿ, ಗ್ರೈಂಡರ್, ಕುಕ್ಕರ್ ಅಂತ ಒಟ್ಟು 186 ಅಫಿಲಿಯೇಟ್ ಲಿಂಕ್ ಇವೆ, ಅಂದರೆ ಅದನ್ನು ಒತ್ತಿ ಹೋದವರು ಏನಾದರೂ ಕೊಂಡರೆ ನನಗೆ ಕಮಿಷನ್ ಸಿಗುವ ಲಿಂಕ್. ದಿನಕ್ಕೆ ಮೂವತ್ತು, ನಲವತ್ತು ಕ್ಲಿಕ್ ಬಂದರೆ ಹೆಚ್ಚು. ದಸರಾ ಮುಗಿದ ವಾರ ಒಂದು ಬೆಳಿಗ್ಗೆ ನೋಡಿದರೆ ಹಿಂದಿನ ದಿನದ ಲೆಕ್ಕ 1,148! ಖುಷಿಯಿಂದ ಹೆಂಡತಿಗೆ ತೋರಿಸಿದೆ. "ಆರ್ಡರ್ ಎಷ್ಟು ಬಂದಿದೆ ರೀ?" ಅಂದಳು. ಒಂದೂ ಇರಲಿಲ್ಲ.

ಖುಷಿ ಹೋಗಿ ಭಯ ಶುರುವಾಯಿತು. ಸುಳ್ಳು ಕ್ಲಿಕ್ ಅಂತ, ಕಮಿಷನ್ ಕೊಡುವ ಅಫಿಲಿಯೇಟ್ ನೆಟ್‌ವರ್ಕ್‌ನವರು ನನ್ನ ಖಾತೆಯನ್ನೇ ಮುಚ್ಚಿಬಿಟ್ಟರೆ? ನಾಲ್ಕು ವರ್ಷದ ಕೆಲಸ ಅದು.

ಮೊದಲು, ಸೈಟ್‌ಗೆ ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್ ತೆರೆದೆ. ಆ ದಿನ ಇಡೀ ಸೈಟ್‌ನ ಪುಟಗಳನ್ನು ಜನ ತೆರೆದಿದ್ದೇ ಸುಮಾರು 400 ಸಲ. ಪುಟ ನೋಡಿದ್ದಕ್ಕಿಂತ ಕ್ಲಿಕ್ ಜಾಸ್ತಿ ಆಗುವುದು ಹೇಗೆ? ಅನಲಿಟಿಕ್ಸ್ ಎಣಿಸುವುದು ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಕೋಡ್‌ನಿಂದ; ಬಾಟ್, ಅಂದರೆ ತಾನಾಗಿ ಲಿಂಕ್ ತೆರೆಯುತ್ತಾ ಹೋಗುವ ಪ್ರೋಗ್ರಾಂ, ಸಾಮಾನ್ಯವಾಗಿ ಅದನ್ನು ಓಡಿಸುವುದಿಲ್ಲ. ನನ್ನ ಲಿಂಕ್‌ಗಳು ಮೊದಲು ನನ್ನದೇ ಸೈಟ್‌ನ '/ಗೋ/' ಅನ್ನುವ ವಿಳಾಸಕ್ಕೆ ಹೋಗಿ ಅಲ್ಲಿಂದ ಅಂಗಡಿಯ ಪುಟಕ್ಕೆ ರೀಡೈರೆಕ್ಟ್ ಆಗುತ್ತವೆ, ಅವುಗಳ ಎಣಿಕೆ ಸರ್ವರ್‌ನಲ್ಲೇ ಆಗುತ್ತದೆ. ಮುಟ್ಟಿದ್ದು ಮನುಷ್ಯನೋ ಬಾಟೋ, ಸರ್ವರ್‌ಗೆ ಎರಡೂ ಒಂದೇ.

ಸರ್ವರ್ ನೋಡಿಕೊಳ್ಳುವ ಸಿಪ್ಯಾನೆಲ್‌ನಿಂದ ಆಕ್ಸೆಸ್ ಲಾಗ್, ಅಂದರೆ ಯಾರು ಯಾವಾಗ ಏನು ತೆರೆದರು ಅನ್ನುವ ದಾಖಲೆ, ಇಳಿಸಿಕೊಂಡೆ. ಅದರ ಸಮಯ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿತ್ತು, ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿದರೆ ರಾತ್ರಿ ಎರಡು ಗಂಟೆ ಹತ್ತು ನಿಮಿಷ. ಸೆಕೆಂಡಿಗೊಂದು ಸಾಲು. ಇಡ್ಲಿ ಪಾತ್ರೆ, ಕಾಫಿ ಫಿಲ್ಟರ್, ಚಾಕು, ಈಗ ಮಾರಾಟಕ್ಕೇ ಇಲ್ಲದ ಹಳೇ ಟೋಸ್ಟರ್, ಒಂದನ್ನೂ ಬಿಡದೆ ವರಸೆಯಾಗಿ ಮುಟ್ಟುತ್ತಾ ಹೋಗಿತ್ತು. ಗ್ರೈಂಡರ್ ಕೊಳ್ಳಲು ಬಂದವರು ಹೀಗೆ ಮಾಡ್ತಾರಾ?

ಯೂಸರ್ ಏಜೆಂಟ್, ಅಂದರೆ ಬಂದ ಬ್ರೌಸರ್ ಅಥವಾ ಬಾಟ್ ತನ್ನ ಬಗ್ಗೆ ಹೇಳಿಕೊಳ್ಳುವ ಹೆಸರು, ನೋಡಿ ವಿಂಗಡಿಸಿದೆ. ಎಲ್ಲಾ ಲಿಂಕ್‌ಗಳ ಒಂದು ಸುತ್ತು, 186 ಕ್ಲಿಕ್, ಎಸ್‌ಇಒ (ಹುಡುಕಾಟದಲ್ಲಿ ಸೈಟ್ ಮೇಲೆ ಬರುವಂತೆ ಮಾಡುವ ಕೆಲಸ) ಕಂಪನಿಯೊಂದರ ಬಾಟ್. ಮೂರು ಸುತ್ತು, 558 ಕ್ಲಿಕ್, ಗೂಗಲ್ ಹುಡುಕಾಟದ ಬಾಟ್ ಆದ 'ಗೂಗಲ್‌ಬಾಟ್' ಅಂತ ಹೇಳಿಕೊಂಡಿತ್ತು. ನಿಜವಾದ ಗೂಗಲ್‌ಬಾಟ್ ಆಗಿದ್ದರೆ ಅದರ ಐಪಿಯನ್ನು (ಇಂಟರ್‌ನೆಟ್ ವಿಳಾಸದ ಅಂಕಿ) ರಿವರ್ಸ್ ಡಿಎನ್‌ಎಸ್‌ನಲ್ಲಿ, ಅಂದರೆ ಅಂಕಿಯಿಂದ ಹೆಸರು ಹುಡುಕುವ ವ್ಯವಸ್ಥೆಯಲ್ಲಿ, ಹುಡುಕಿದಾಗ ಬರುವ ಹೆಸರು ಗೂಗಲ್‌ಬಾಟ್.ಕಾಮ್ ಅಂತ ಮುಗಿಯಬೇಕು. ಇದು ಯಾವುದೋ ಬಾಡಿಗೆ ಸರ್ವರ್‌ಗೆ ಹೋಯಿತು. ಉಳಿದ ಎರಡು ಸುತ್ತು, 372 ಕ್ಲಿಕ್, ಬಂದಿದ್ದು ನನ್ನ ಸರ್ವರ್‌ನ ಐಪಿಯಿಂದಲೇ! ಮುರಿದ ಲಿಂಕ್ ಹುಡುಕಲು ಹಿಂದಿನ ವಾರ ಸೈಟ್‌ಗೆ ಹಾಕಿದ್ದ ಪ್ಲಗಿನ್ (ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ), ರಾತ್ರಿ ಪ್ರತಿ ಲಿಂಕನ್ನೂ ತೆರೆದು ನೋಡಿತ್ತು. ಇದನ್ನು ಕಂಡಾಗ ನಿಜಕ್ಕೂ ಬೇಜಾರಾಯಿತು. ಮನುಷ್ಯರ ಕ್ಲಿಕ್ ಅಂತ ಉಳಿದದ್ದು 32.

ಪ್ಲಗಿನ್‌ಗೆ '/ಗೋ/' ಬಿಟ್ಟುಬಿಡು ಅಂತ ಸೆಟ್ಟಿಂಗ್ ಹಾಕಿದೆ. ಬಾಟ್‌ಗಳು ಎಲ್ಲಿಗೆ ಬರಬಾರದು ಅಂತ ಹೇಳುವ ರೋಬೋಟ್ಸ್.ಟಿಎಕ್ಸ್‌ಟಿ ಫೈಲ್‌ನಲ್ಲೂ ಅದನ್ನು ಡಿಸ್‌ಅಲೋ ಮಾಡಿದೆ. ಎಸ್‌ಇಒ ಬಾಟ್ ಮರುವಾರವೇ ನಿಂತಿತು. ಆದರೆ ಆ ಫೈಲ್ ಬರೀ ವಿನಂತಿ, ಬೀಗ ಅಲ್ಲ. ವೇಷ ಹಾಕಿ ಬಂದವನು ಅದನ್ನು ಯಾಕೆ ಓದ್ತಾನೆ? ಅವನನ್ನು ಸೈಟ್‌ನ ಮುಂದೆ ಕಾವಲು ನಿಲ್ಲುವ ಕ್ಲೌಡ್‌ಫ್ಲೇರ್ ಸೇವೆಯಲ್ಲಿ ನಿಯಮ ಹಾಕಿ ತಡೆದೆ. ಇದು ಹಣ ಸಿಗುವ ಲಿಂಕ್ ಅಂತ ಹೇಳಲು 2019ರಲ್ಲಿ ಗೂಗಲ್ ತಂದ 'ಸ್ಪಾನ್ಸರ್ಡ್' ಗುರುತನ್ನೂ ಲಿಂಕ್‌ಗಳಿಗೆ ಸೇರಿಸಿದೆ. ಅದು ಕ್ಲಿಕ್ ತಡೆಯುವುದಿಲ್ಲ, ಆದರೂ ಇರಬೇಕಾದದ್ದು.

ಅಫಿಲಿಯೇಟ್ ನೆಟ್‌ವರ್ಕ್‌ಗೆ ಅವರು ಕೇಳುವ ಮೊದಲೇ ಲಾಗ್‌ನ ಸಾಲುಗಳ ಸಮೇತ ಮೇಲ್ ಹಾಕಿದೆ. ಖಾತೆಗೆ ಏನೂ ಆಗಲಿಲ್ಲ.

ಯುಗಾದಿಗೆ ಮತ್ತೆ ಏರಿತು, 210 ಕ್ಲಿಕ್. ಈ ಸಲ ಮೊದಲು ಲಾಗ್ ತೆಗೆದೆ. ಎಲ್ಲವೂ ಹೋಳಿಗೆ ತವಾ ಲಿಂಕ್ ಒಂದಕ್ಕೇ, ಬೇರೆ ಬೇರೆ ಮೊಬೈಲ್‌ನಿಂದ, ಬೆಳಿಗ್ಗೆಯಿಂದ ರಾತ್ರಿವರೆಗೆ ಚೆದುರಿದ್ದವು. ಸಂಜೆ ಹೊತ್ತಿಗೆ ಏಳು ಆರ್ಡರ್ ಬಂದಿತ್ತು.