ಆಡಿಷನ್‌ನಲ್ಲಿ ಹಾಡುವವರ ಪಕ್ಕ ಕುಳಿತು

ಮೈಸೂರಿನ ಹವ್ಯಾಸಿ ತಂಡವೊಂದು ಸಂಗೀತ ನಾಟಕಕ್ಕೆ ಆಡಿಷನ್ ನಡೆಸುವಾಗಲೆಲ್ಲ ನಾನು ಕೀಬೋರ್ಡ್ ನುಡಿಸುತ್ತೇನೆ. ಒಬ್ಬೊಬ್ಬರಿಗೆ ನಾಲ್ಕೈದು ನಿಮಿಷ. ಹಾಡುವವರ ಮುಖ ನನಗೆ ಹೊಸದು, ಎಷ್ಟೋ ಸಲ ಹಾಡೂ ಹೊಸದು. ನಿರ್ದೇಶಕರು ಅವರ ಹೆಸರು, ಊರು ಬರೆದುಕೊಳ್ಳುವ ಅರ್ಧ ನಿಮಿಷವೇ ನಮ್ಮಿಬ್ಬರ ತಾಲೀಮು.

ಮೊದಮೊದಲು ಆ ಸಮಯದಲ್ಲಿ "ಯಾವ ಶ್ರುತಿ?" ಎಂದು, ಅಂದರೆ ಯಾವ ಎತ್ತರದಲ್ಲಿ ಹಾಡುತ್ತೀರಿ ಎಂದು, ಕೇಳುತ್ತಿದ್ದೆ. ಮಂಡ್ಯದ ಕಡೆಯ ಹುಡುಗನೊಬ್ಬ ಬಂದ ಮೇಲೆ ಆ ಪ್ರಶ್ನೆಯನ್ನು ಬಿಟ್ಟೆ. ಊರಿನ 'ಕುರುಕ್ಷೇತ್ರ' ನಾಟಕದಲ್ಲಿ ಪಾತ್ರ ಮಾಡಿದವನು. "ಗೊತ್ತಿಲ್ಲ ಮೇಷ್ಟ್ರೇ, ಊರಿನಲ್ಲಿ ಹಾರ್ಮೋನಿಯಂ ಮೇಷ್ಟ್ರೇ ಹಿಡಿದುಕೊಡುತ್ತಿದ್ದರು" ಎಂದು ತಲೆ ತಗ್ಗಿಸಿದ. ನಾನು ಅಂದಾಜಿನಲ್ಲಿ ಕಪ್ಪು ಎರಡು, ಅಂದರೆ ಎರಡನೆಯ ಕಪ್ಪು ಮನೆಯ ಶ್ರುತಿ, ಕೊಟ್ಟೆ. ಪಲ್ಲವಿ ಚೆನ್ನಾಗಿಯೇ ಬಂತು. ಚರಣದಲ್ಲಿ ತಾರಸ್ಥಾಯಿಗೆ ಏರುವಾಗ ಗಂಟಲು ಕಟ್ಟಿತು. ತಪ್ಪು ನನ್ನದೆಂದು ನಿರ್ದೇಶಕರಿಗೆ ಹೇಳಿ ಮತ್ತೊಂದು ಅವಕಾಶ ಕೇಳಿದೆ. "ಚರಣದ ಮೇಲಿನ ಸಾಲನ್ನಷ್ಟೇ ಹಾಡಿ ತೋರಿಸಪ್ಪ" ಎಂದೆ. ಬಿಳಿ ಒಂದಕ್ಕೆ ಇಳಿಸಿದಾಗ ಅದೇ ಸಾಲು ತುಂಬಿಕೊಂಡು ಬಂತು. ಅವನಿಗೆ ಮೇಳದಲ್ಲಿ ಜಾಗ ಸಿಕ್ಕಿತು. ಅಂದಿನಿಂದ ಯಾರೇ ಬರಲಿ, ಮೊದಲು ಹಾಡಿನ ಅತಿ ಎತ್ತರದ ಸಾಲನ್ನು ಗುನುಗಿಸುತ್ತೇನೆ. ಶ್ರುತಿಯೂ ನಡೆಯೂ ಅಲ್ಲಿಯೇ ತಿಳಿಯುತ್ತವೆ.

ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿಯಿಂದ ಬೆರಳಿನ ಕೆಲಸ ಹಗುರಾಗುವುದು ನಿಜ. ಆದರೆ ಒಬ್ಬರು ಹೋದ ಕೂಡಲೇ ಅದನ್ನು ಸೊನ್ನೆಗೆ ತರಬೇಕು. ಒಮ್ಮೆ ಮರೆತು, ಮುಂದಿನ ಹುಡುಗಿಗೆ ಅವಳದಲ್ಲದ ಷಡ್ಜ (ಆಧಾರ ಸ್ವರವಾದ 'ಸಾ') ಕೊಟ್ಟಿದ್ದೆ.

ತಾಳವಿಲ್ಲದೆ ಹಾಡುವ ಕಂದ, ವೃತ್ತ ಎಂಬ ಪದ್ಯಗಳಲ್ಲಿ ಕೈ ಬಿಗಿಹಿಡಿಯುವುದೇ ಕಷ್ಟದ ಕೆಲಸ. ಕೀಬೋರ್ಡಿನ ಸ್ವರಗಳು ಇದ್ದಲ್ಲೇ ಇರುತ್ತವೆ, ಗಮಕ, ಅಂದರೆ ಸ್ವರವನ್ನು ತೂಗಿ ಹಾಡುವುದು, ಅವುಗಳ ನಡುವಿನಲ್ಲಿರುತ್ತದೆ. ಹಾರ್ಮೋನಿಯಂ ಮೇಲೂ ಇದೇ ಆಕ್ಷೇಪವಿತ್ತು; ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಅದನ್ನು ದೂರವಿಟ್ಟಿತ್ತು. ಗಾಯಕ 'ಗ' ಸ್ವರವಾದ ಗಾಂಧಾರವನ್ನು ತೂಗುವಾಗ ನಾನೂ ಗಾಂಧಾರ ಒತ್ತಿದರೆ ಅವನ ದನಿಯೇ ಅಪಸ್ವರವೆಂದು ಕೇಳುತ್ತದೆ. ಹಾಗಾಗಿ ಸಾ-ಪಾ ಮಾತ್ರ ಹಿಡಿದಿರುತ್ತೇನೆ. ಸಾಲು ಮುಗಿದು ಅವನು ಉಸಿರೆಳೆದುಕೊಳ್ಳುವಾಗ ಅದರ ಕೊನೆಯ ತುಣುಕನ್ನು ಹಿಂಬಾಲಿಸಿ ನುಡಿಸುತ್ತೇನೆ. ಕುಳಿತುಕೊಳ್ಳುವ ಜಾಗವೂ ಇದಕ್ಕೇ ಮುಖ್ಯ: ಗಾಯಕರ ಬೆನ್ನ ಹಿಂದೆ ಎಂದೂ ಕೂರುವುದಿಲ್ಲ. ಬಾಯಿ, ಭುಜ ಕಾಣಬೇಕು. ಉಸಿರು ತುಂಬಿಕೊಳ್ಳುವುದು ಕಂಡರೆ ಎತ್ತುಗಡೆ (ಸಾಲು ಶುರುವಾಗುವ ಜಾಗ) ತಪ್ಪುವುದಿಲ್ಲ.

ಪಾಶ್ಚಾತ್ಯ ಸಂಗೀತ ಕಲಿತವರು ಕೆಲವೊಮ್ಮೆ ಸ್ವರಲಿಪಿಯ ಹಾಳೆ ತರುತ್ತಾರೆ. ಬ್ರಾಡ್‌ವೇ ಪದ್ಧತಿಯಂತೆ 16 ಅಥವಾ 32 ಬಾರ್‌ಗಳ (ತಾಳದ ಆವರ್ತದಂಥ ಅಳತೆ) ತುಣುಕು. ಆರಂಭ, ಅಂತ್ಯ ಪೆನ್ಸಿಲ್ಲಿನಲ್ಲಿ ಗುರುತಾಗಿರುತ್ತವೆ. ಈ ಅಭ್ಯಾಸ ನನಗೆ ತುಂಬಾ ಇಷ್ಟ. ರಂಗಗೀತೆ ಹಾಡುವವರಿಗೂ ಸಾಹಿತ್ಯದ ಹಾಳೆಯಲ್ಲಿ ಹಾಗೆಯೇ ಗುರುತು ಹಾಕಿ ತನ್ನಿ ಎನ್ನುತ್ತೇನೆ. ಜೆರಾಕ್ಸ್ ಮಾಡಿಸುವಾಗ ಅಂಚು ಕತ್ತರಿಸಿಹೋಗಿ, ಎಡಗೈಯ ಸಾಲೇ ಇಲ್ಲದ ಹಾಳೆಯೂ ಬಂದದ್ದುಂಟು. ಆಗ ಹಾಡಿನ ಧಾಟಿಯ ಸಾಲನ್ನು ನೋಡಿಕೊಂಡು ಕಾರ್ಡ್‌ಗಳನ್ನು (ಒಟ್ಟಿಗೆ ಒತ್ತುವ ಸ್ವರಗಳ ಗುಂಪುಗಳನ್ನು) ನಾನೇ ಊಹಿಸಬೇಕಾಗುತ್ತದೆ.

ಶ್ರುತಿ ಇಳಿಯುತ್ತಿರುವವರ ಹಿಂದೆ ನಾನೂ ಇಳಿಯುವುದಿಲ್ಲ; ಷಡ್ಜವನ್ನು ತುಸು ಗಟ್ಟಿಯಾಗಿ ಕೇಳಿಸುತ್ತೇನೆ. ಸಾಲು ಮರೆತು ನಿಂತರೆ ಮಾತ್ರ ನಾನು ಮುಂದಾಗುತ್ತೇನೆ. ನುಡಿಸುವುದನ್ನು ನಿಲ್ಲಿಸದೆ ಪಲ್ಲವಿಯ ಎತ್ತುಗಡೆಗೆ ಮರಳಿ, ಅವರು ಬಂದು ಸೇರಿಕೊಳ್ಳುವವರೆಗೂ ಅದನ್ನೇ ಸುತ್ತುತ್ತಿರುತ್ತೇನೆ.